ಕೋರೆಯಿಂದ ಹೋದ ಲೋಡ್

ಇದು ನಮ್ಮ ಆಚೆಮನೆ ಸಿಪ್ರಿಯನ್ ಮಾಸ್ಟ್ರಿಗೆ ಆದದ್ದು. ಹೋದ ವರ್ಷ, ಜೂನ್ ಕೊನೆಗೆ. ಊಟ ಆಗಿದೆಯಲ್ಲ ಎಲ್ಲರದ್ದು? ಆಗದಿದ್ದರೆ ಮೊದಲು ಉಂಡು ಬನ್ನಿ. ಕೇಳಿದ ಮೇಲೆ ಸೇರುವುದಿಲ್ಲ.

ಶಕ್ತಿನಗರದ ಹಿಂದೆ ಇಳಿಜಾರಲ್ಲಿ ಹಳೆ ಕೆಂಪುಕಲ್ಲಿನ ಕೋರೆ ಉಂಟಲ್ಲ, ರಾತ್ರಿ ಒಂಬತ್ತೂವರೆಗೆ ಮಾಸ್ಟ್ರು ಅಲ್ಲಿಂದ ಒಬ್ಬರೇ ಮನೆಗೆ ನಡೆದು ಬರ್ತಾ ಇದ್ದರು. ಕಪ್ಪೆಗಳನ್ನು ಲೆಕ್ಕ ಮಾಡ್ಲಿಕ್ಕೆ ಹೋದದ್ದು. ಹಗಲಲ್ಲಿ ಅದು ಆಗುವುದಿಲ್ಲ, ಅವು ಕೂಗುವುದೇ ಮಳೆ ಬಿಟ್ಟ ಕತ್ತಲಲ್ಲಿ. ದಾರಿಯ ಬಾವಿ ದಾಟಿ ಗೋಳಿಮರದ ಬುಡಕ್ಕೆ ಬಂದರು... ಹಿಂದಿನಿಂದ ಕಪ್ಪೆಗಳ ಸ್ವರ ನಿಂತಿತು. ಒಂದೊಂದಾಗಿ ಅಲ್ಲ. ಎಲ್ಲ ಒಟ್ಟಿಗೆ.

ಆ ಕೋರೆ ಎಂತಾದ್ದು ಅಂತ ಮೊದಲು ಹೇಳಬೇಕು. ಅಲ್ಲಿ ಕಲ್ಲು ತೆಗೆಯುವುದು ನಿಂತು ಇಪ್ಪತ್ತು ವರ್ಷ. ನಿಂತದ್ದು ಯಾಕೆ ಅಂದರೆ, ಒಂದು ಮಳೆಗಾಲ ಬದಿಯ ಗೋಡೆ ಜರಿದು ಬಿತ್ತು. ಕಲ್ಲು ಕಡಿಯುವವನೊಬ್ಬ ಮಣ್ಣಿನಡಿಗೆ ಹೋದ ಅಂತ ಜನ ಮಾತಾಡಿದರು. "ಯಾರೂ ಇರಲಿಲ್ಲ, ಅವ ಊರಿಗೆ ಓಡಿದ" ಅಂದ ಕೋರೆಯ ಧಣಿ. ಹುಡುಗ ಗದಗದ ಆಚೆಯವ. ಕೇಳಿಕೊಂಡು ಬರುವವರು ಯಾರಿದ್ದಾರೆ?

ಮರುವರ್ಷದಿಂದ ಆ ಗುಂಡಿಗೆ ಕಸ ಎಸೆಯಲಿಕ್ಕೆ ಶುರು. ಕೋಳಿಯಂಗಡಿಯ ಕರುಳು, ತಲೆ, ಪುಕ್ಕ, ಗೋಣಿಯಲ್ಲಿ ಕಟ್ಟಿ. ಮಕ್ಕಳ ಡಯಾಪರ್. ಸತ್ತ ನಾಯಿ. ಕಾರಿನ ಗ್ಲಾಸ್ ಇಳಿಸುವುದು, ಮೂಗು ಮುಚ್ಚಿಕೊಂಡು ಎಸೆಯುವುದು. ಮತ್ತೆ ಅದೇ ಜನ ವಾಟ್ಸಾಪಲ್ಲಿ, ನಮ್ಮ ಏರಿಯಾ ಎಷ್ಟು ಗಲೀಜು ಮಾರಾಯ ಅಂತ. ನಾನೂ ಎಸೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮಾಸ್ಟ್ರು ಕಾಲೇಜಲ್ಲಿ ಜೀವಶಾಸ್ತ್ರ ಕಲಿಸಿ ರಿಟೈರ್ ಆದವರು. ಆ ಗುಂಡಿಯನ್ನು ಹಕ್ಕಿ, ಕಪ್ಪೆ, ನೀರುಹುಲ್ಲಿನ ಕೆರೆ ಮಾಡಬೇಕು ಅಂತ ಮೂರು ವರ್ಷ ಆಫೀಸು ಆಫೀಸು ಅಲೆದು ಪರ್ಮಿಷನ್ ತಂದರು. ಮಾರ್ಚಲ್ಲಿ ಕ್ಲೀನಿಂಗ್ ಶುರುವಾಯಿತು. ಕಾಂಟ್ರಾಕ್ಟರ್ ಸುಜಿತ್ ಅಂತ ಒಬ್ಬ.

ಪಂಪ್ ಹಾಕಿದರೆ ಬಂದದ್ದು ನೀರಲ್ಲ. ಗಂಜಿಯ ಹಾಗೆ ದಪ್ಪ, ಮೇಲೆ ಹಳದಿ ಕೆನೆ. ಜೇಸಿಬಿ ಬಕೆಟ್ ಎತ್ತಿದರೆ ಅದರ ಸಂದಿನಿಂದ ಹುಳ ಅಕ್ಕಿ ಸುರಿದ ಹಾಗೆ ಸುರಿಯುತ್ತಿತ್ತು. ಮಾಸ್ಟ್ರು ಬೇಲಿ ಹಿಡಿದುಕೊಂಡು ವಾಂತಿ ಮಾಡಿದರು. ಮರುದಿನ ಮತ್ತೆ ಹೋದರು.

ತಳ ಮುಟ್ಟಿದ ದಿನ ಬಕೆಟಿನ ಹಲ್ಲಿಗೆ ಒಂದು ಎಲುಬು ಸಿಕ್ಕಿತು. ಉದ್ದದ್ದು.

"ನಾಯಿಯದ್ದು ಸರ್," ಅಂದ ಸುಜಿತ್.

ನಾಯಿಯ ತೊಡೆ ಎಲುಬು ಎಷ್ಟುದ್ದ ಅಂತ ಮಾಸ್ಟ್ರಿಗೆ ಗೊತ್ತಿಲ್ಲದ್ದಾ? ಅವರು ಅದರ ಕೆಸರು ಒರೆಸಿ ನೋಡುತ್ತಾ ನಿಂತರು.

ಸುಜಿತ್ ಹತ್ತಿರ ಬಂದು ಸಣ್ಣಕ್ಕೆ ಹೇಳಿದ. "ಪೊಲೀಸರು ಬಂದ್ರೆ ಕೆಲಸ ನಿಲ್ತದೆ. ಮಳೆಗೆ ಇನ್ನು ಹತ್ತು ದಿನ ಉಂಟು. ನೀವೇ ಹೇಳಿ, ಎಂತ ಮಾಡುವ?"

"ನಾಯಿಯದ್ದೇ ಇರಬೇಕು," ಅಂದರು ಮಾಸ್ಟ್ರು.

ಎಲುಬು ಕಸದ ಲಾರಿಗೆ ಹೋಯಿತು.

ಮಳೆ ಬಂತು. ಕೋರೆಯಲ್ಲಿ ತಿಳಿ ನೀರು ನಿಂತಿತು. ಉದ್ಘಾಟನೆಗೆ ಪೆಂಡಾಲ್, ಮೈಕ್. ಜಾಗ ಬಿಟ್ಟುಕೊಟ್ಟ ಪುಣ್ಯಾತ್ಮ ಅಂತ ಆ ಹಳೆ ಧಣಿಗೇ ಶಾಲು ಹೊದಿಸಿದರು. ಮಾಸ್ಟ್ರೂ ಚಪ್ಪಾಳೆ ತಟ್ಟಿದರು. ಸಂಜೆ ನೋಡಿದರೆ ನೀರಿನ ಮೇಲೆ ಐಸ್‌ಕ್ರೀಮ್ ಕಪ್ಪುಗಳು. ಅವರಿಗೆ ಊರಿನ ಮೇಲೆ ಹೇಸಿಗೆ ಬಂತು. ಅದಕ್ಕಿಂತ ಹೆಚ್ಚು, ತನ್ನ ಎರಡು ಕೈಗಳ ಮೇಲೆ.

ಇದಾಗಿ ಒಂದು ವಾರಕ್ಕೆ ಆ ರಾತ್ರಿ.

ಗೋಳಿಮರದ ಬುಡದಲ್ಲಿ ನಿಂತು ಕಿವಿ ಕೊಟ್ಟರು. ಥಕ್... ಥಕ್... ಮತ್ತೆ ಸರ್ರ್ ಅಂತ ಜಾರುವ ಸದ್ದು. ಒದ್ದೆ ಕೆಂಪುಕಲ್ಲಿಗೆ ಪಿಕ್ಕಾಸು ಹಾಕಿದರೆ ಹಾಗೇ ಕೇಳುವುದು. ಹಿಂದೆಯೇ ವಾಸನೆ ಬಂತು... ಕೊಳೆತ ಕೋಳಿಯದ್ದು. ಯಾರೋ ಮತ್ತೆ ಕಸ ತಂದು ಹುಗಿಯುತ್ತಿದ್ದಾರೆ ಅಂತ ಸಿಟ್ಟು ನೆತ್ತಿಗೇರಿತು. ಟಾರ್ಚ್ ಹಿಡಿದು ವಾಪಸು ಹೋದರು.

ನೀರಿನ ಅಂಚಲ್ಲಿ ಒಬ್ಬ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತಿದ್ದ. ಕೆಸರು ಬಾಚುತ್ತಿದ್ದ. ಮೂಸುತ್ತಿದ್ದ... ಬಿಡುತ್ತಿದ್ದ. ಮತ್ತೆ ಬಾಚುತ್ತಿದ್ದ.

"ಯಾರದು? ಎಂತ ಹಾಕ್ತಾ ಇದ್ದೀ ಇಲ್ಲಿ?"

"ಹಾಕಾಕತ್ತಿಲ್ರೀ..." ಪಿಸುಮಾತು. "ಹುಡುಕಾಕತ್ತೀನಿ."

"ಎಂತದನ್ನು?"

ಅವ ಇನ್ನೊಂದು ಬೊಗಸೆ ಕೆಸರು ಬಾಚಿದ. ನೀರು ಅಲ್ಲಾಡಲಿಲ್ಲ.

"ಅವತ್ತ ನೀವ ನಿಂತಿದ್ರಲ್ರೀ, ಸರ... ನನ್ನ ಯಾವ ಲಾರ್‍ಯಾಗ ಹಾಕಿದ್ರಿ?"

ಅವ ತಿರುಗಿದ. ಬಾಯಿ ಮುಚ್ಚಲಿಕ್ಕೆ ಆಗದಷ್ಟು ತುಂಬಿತ್ತು. ಕೆಸರು, ಕೋಳಿಪುಕ್ಕ, ಹರಿದ ಪ್ಲಾಸ್ಟಿಕ್. ಇಪ್ಪತ್ತು ವರ್ಷ ಊರವರು ಎಸೆದದ್ದು ಅಲ್ಲಿಗೇ ಬಿದ್ದ ಹಾಗೆ. ಆ ಬಾಯಿಂದ ಮಾತು ಹೇಗೆ ಬಂತು ಅಂತ ಮಾಸ್ಟ್ರಿಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಹೇಗೆ ಮುಟ್ಟಿದರೋ. ಹೆಂಡತಿ ರೊಸಾಲಿನ್ ಎಲ್ಲ ಕೇಳಿ ಮೆಲ್ಲ ಅಂದರು, "ಅಲ್ಲಿ ನೋಡಿದ್ದು ಬಿಡಿ. ಎಲುಬಿನದ್ದು ನಿಜವಾ?"

"ಹೌದು."

"ನನಗೂ ಹೇಳಲಿಲ್ಲ ನೀವು."

ಬೆಳಗ್ಗೆ ತಾನೇ ಮುಂದೆ ನಿಂತು ಗಂಡನನ್ನು ಠಾಣೆಗೆ ಕರೆದುಕೊಂಡು ಹೋದರು. ಮಾಸ್ಟ್ರು ಎಲ್ಲ ಬರೆದುಕೊಟ್ಟರು. ಸುಜಿತ್ ತನಗೆ ನೆನಪೇ ಇಲ್ಲ ಅಂದ. ಪೊಲೀಸರು ಧಣಿಯನ್ನು ಕರೆಸಿ ಕೇಳಿದರು, ಕಳುಹಿಸಿದರು. ಲಾರಿ ಸುರಿದ ಕಸದ ಗುಡ್ಡೆಯಲ್ಲಿ ಎರಡು ದಿನ ಅಗೆದರು. ಮೂರಾಳು ಎತ್ತರದ ಗುಡ್ಡೆ ಅದು, ಎಂತ ಸಿಗ್ತದೆ? ಈಗ ತಿಂಗಳಿಗೊಮ್ಮೆ ಮಾಸ್ಟ್ರು ಇಗರ್ಜಿಯಲ್ಲಿ ಆ ಸತ್ತವನ ಆತ್ಮಕ್ಕೆ ಪೂಜೆ ಇಡಿಸುತ್ತಾರೆ. ಹೆಸರು ಗೊತ್ತಿಲ್ಲ. ಪಾದ್ರಿಗಳು "ಒಬ್ಬ ಕೆಲಸದವ" ಅಂತಲೇ ಓದುತ್ತಾರೆ.

ಕೋರೆ ಚಂದ ಉಂಟು. ಕೊಕ್ಕರೆ ಬರ್ತವೆ, ಶಾಲೆ ಮಕ್ಕಳು ಬರ್ತಾರೆ.

ಆದರೆ ದಿನಾ ಬೆಳಗ್ಗೆ ಹಲ್ಲುಜ್ಜಿ ಉಗಿದರೆ ಮಾಸ್ಟ್ರ ಬೇಸಿನ್ ಕೆಂಪಾಗ್ತದೆ. ರಕ್ತ ಅಲ್ಲ, ಡಾಕ್ಟ್ರಿಗೆ ತೋರಿಸಿ ಆಗಿದೆ. ನನ್ನನ್ನು ಕರೆದು ತೋರಿಸಿದರು. ನಾನು ಬೆರಳಲ್ಲಿ ಮುಟ್ಟಿ ತಿಕ್ಕಿ ನೋಡಿದೆ... ಮಣ್ಣು. ಸಣ್ಣ ಸಣ್ಣ ಕಲ್ಲಿನ ಹರಳು ಕೈಗೆ ತಾಗಿತು. ಇದೇ ಬೆರಳು.