ಗೌರಿ ಸತ್ತಳು ಅಂತ ನಾನೇ ಬರೆದಿದ್ದು

…ನಗಬೇಡ್ರೋ ಹುಡುಗ್ರಾ. ನಿಮಗೀಗ ಮೊಬೈಲಲ್ಲೇ ನೆಟ್ ಬರುತ್ತೆ. ನಮ್ ಕಾಲದಲ್ಲಿ, ಹ್ಞಾಂ, ನಂಗೆ ಹತ್ತೊಂಬತ್ತೇ, ಆದ್ರೂ ನಮ್ ಕಾಲ ಅಂತಾನೇ ಹೇಳ್ತೀನಿ, ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ರ ಒಂದು ಸೈಬರ್ ಕೆಫೆ ಇತ್ತು. ಫೋನ್ ವೈರಿಗೆ ಸಿಕ್ಕಿಸಿದ ಡಬ್ಬ ಕುಂಯ್ ಕರ್ರ್ ಅಂತ ಕೂಗಿ ಕೂಗಿ ನೆಟ್ ಹತ್ತಬೇಕು, ಹತ್ತೋ ಹೊತ್ತಿಗೆ ಯಾರಾದ್ರೂ ಫೋನ್ ಮಾಡಿದ್ರೋ, ಮುಗೀತು, ಮತ್ತೆ ಮೊದಲಿಂದ. ಎಂಟನೇ ಕ್ಲಾಸಲ್ಲಿ ಶಾಲೆ ತಪ್ಪಿಸಿ ಅಲ್ಲೇ ಕೂತಿರ್ತಿದ್ದೆ. ಅಲ್ಲ, ಒಂಬತ್ತು. ಎಂಟರಲ್ಲಿ ಎರಡು ಸಲ ಕೂತಿದ್ನಲ್ಲ, ಅದಕ್ಕೇ ತಪ್ಪುತ್ತೆ. ಆಗ ಪೋಸ್ಟ್‌ಕಾರ್ಡ್ ಬರ್ತಿತ್ತು ಗೊತ್ತಾ, ದೇವರ ಹೆಸರಲ್ಲಿ, ಇಪ್ಪತ್ತೊಂದು ಜನಕ್ಕೆ ಬರೀರಿ ಇಲ್ದಿದ್ರೆ ಕೇಡು ಅಂತ? ಅದೇ ಥರ ನಾನೊಂದು ಇಮೇಲ್ ಬರೆದೆ. ಗುಡ್ಡದ ಮೇಲೆ ಏಳು ಹೆಡೆ ಸರ್ಪ ಕಂಡಿದೆ, ಇಪ್ಪತ್ತೊಂದು ಜನಕ್ಕೆ ಕಳಿಸಿ, ಓದಿ ನಕ್ಕ ಎನ್.ಆರ್.ಪುರದ ಗೌರಿ ಒಂಬತ್ತೇ ದಿನಕ್ಕೆ ಸತ್ತಳು. ಗೌರಿ ಯಾರು? ನಮ್ಮನೆ ದನ! ಎನ್.ಆರ್.ಪುರದಿಂದ ತಂದಿದ್ದು. ಆವತ್ತು ಬೆಳಿಗ್ಗೆ ನಂಗೆ ಒದ್ದಿತ್ತು, ಅದಕ್ಕೆ ಇಮೇಲಲ್ಲಿ ಸಾಯಿಸಿಬಿಟ್ಟೆ.

ಆಮೇಲೆ ಇಮೇಲ್ ಹಳೇದಾಯ್ತು, ಸ್ನೇಹಿತರಿಗೆ ಸ್ಕ್ರ್ಯಾಪ್ ಬರೆಯೋ ಸೈಟ್ ಬಂತು. ಒಂದಿನ ಶೃಂಗೇರಿ ಸೈಬರಲ್ಲಿ ಯಾವನೋ ಓದ್ತಿದ್ದಾನೆ, ಇಣುಕಿದ್ರೆ ನಂದೇ! ಹಾವಿನ ಫೋಟೋ ಬೇರೆ ಅಂಟಿಸಿದ್ರು. ಎಂಥಾ ಹೆಮ್ಮೆ ಮಾರಾಯ ನಂಗೆ.

ಹೋದ ವರ್ಷ ಅತ್ತೆ, ಅಪ್ಪನ ತಂಗಿ, ಏಳು ತಿಂಗಳ ಬಸುರಿ, ಹೆರಿಗೆಗೆ ಅಂತ ನಮ್ಮನೆಗೆ ಬಂದಿದ್ಲು. ಬಂದ ನಾಕನೇ ದಿನ ಊಟ ಬಿಟ್ಲು. ಅಮ್ಮ ಕೇಳಿದ್ರೆ "ವ್ರತ ಅತ್ತಿಗೆ" ಅಂತಾಳೆ. ಮೊಬೈಲ್ ಹಿಡ್ಕೊಂಡು ಸಿಗ್ನಲ್ ಸಿಗೋ ದಿಬ್ಬ ಹತ್ತೋದು, ಮೆಸೇಜ್ ಕಳಿಸೋದು, ಇಳಿಯೋದು. ವ್ರತದ ಎರಡನೇ ದಿನ ದಿಬ್ಬದಲ್ಲೇ ಕಣ್ಣು ಕತ್ತಲೆ ಬಂದು ಕೂತುಬಿಟ್ಲು. ನಾನು ಓಡಿದೆ. ಅವಳ ಕೈಯಲ್ಲಿದ್ದ ಮೊಬೈಲ್ ನೋಡಿದೆ. ಏಳು ಹೆಡೆ ಸರ್ಪ. ಇಪ್ಪತ್ತೊಂದು ಜನ. ಗೌರಿ. ಕೆಳಗೆ ಇನ್ನೊಂದು ಸಾಲು: ಬಸುರಿಯರು ಮೂರು ದಿನ ಅನ್ನ ಮುಟ್ಟಬಾರದು, ಮುಟ್ಟಿದರೆ ಕೂಸು ಉಳಿಯದು. ಆ ಸಾಲು ನಾನು ಬರೆದಿದ್ದಲ್ಲ ಕಣ್ರೋ! ದೇವರಾಣೆ ನಾನಲ್ಲ. ಯಾರು ಸೇರಿಸಿದ್ರು?

"ಅತ್ತೆ, ಇದು ನಾನು ಬರೆದಿದ್ದು. ತಮಾಷೆಗೆ."

"ಥೂ, ಎಂತ ಮಾತಾಡ್ತೀಯ! ಹತ್ತನೇ ಕ್ಲಾಸ್ ಪಾಸಾಗದೋನು. ಇದು ಬೆಂಗಳೂರಿಂದ ಬಂದಿದೆ."

"ಗೌರಿ ಅಂದ್ರೆ ನಮ್ಮ ದನ ಅತ್ತೆ!"

ಅವಳು ಮೆಸೇಜ್ ಇನ್ನೊಂದ್ಸಲ ಓದಿದ್ಲು. ಆಮೇಲೆ ಮೆಲ್ಲಗೆ ಕೇಳಿದ್ಲು. "ಗೌರಿ ಹೊಟ್ಟೆ ಉಬ್ಬಿ ಸತ್ತಿತ್ತಲ್ಲ. ನೀನು ಬರೆಯೋ ಮುಂಚೆನೋ, ಆಮೇಲೋ?"

ಆಮೇಲೆ. ಅದೇ ಮಳೆಗಾಲದಲ್ಲಿ. ನಾನು ಅದನ್ನ ಒಂದು ಸಲಾನೂ ಯೋಚನೆ ಮಾಡಿರಲಿಲ್ಲ.

"ಕೊಡು ಇಲ್ಲಿ," ಅಂದೆ. "ಅಳಿಸ್ತೀನಿ. ಕೇಡು ಬಂದರೆ ನನ್ನ ಮೇಲೆ ಬರಲಿ." ಹೇಳೋಕೆ ಹೇಳಿದೆ, ಬೆರಳು ಒತ್ತೋಕೆ ಆಗ್ಲಿಲ್ಲ ಗೊತ್ತಾ. ನಾನೇ ಬರೆದಿದ್ದು! ಕಣ್ಣು ಮುಚ್ಕೊಂಡು ಒತ್ತಿದೆ.

ಅತ್ತೆ ಅಂದ್ಲು, "ಸಂಜೆವರೆಗೆ ನನ್ನ ಕಣ್ಣೆದುರೇ ಕೂತಿರು. ನಿಂಗೇನೂ ಆಗದಿದ್ರೆ ಉಣ್ತೀನಿ." ಮನೆಗೆ ಬಂದು ಕೂತೆ. ಅವಳು ನನ್ನ ನೋಡ್ತಾಳೆ, ನಾನು ಅವಳ ಹೊಟ್ಟೆ ನೋಡ್ತೀನಿ. ಹಲ್ಲಿ ಲೊಚಗುಟ್ಟಿದ್ರೆ ಹಾರಿ ಬೀಳೋದು. ನೀರು ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು, ಅತ್ತೆ "ಅಯ್ಯೋ ಸತ್ತ!" ಅಂತ ಕಿರುಚಿದ್ಲು, ಆ ಕಿರುಚಾಟಕ್ಕೇ ನಾನು ಅರ್ಧ ಸತ್ತೆ. ದೀಪ ಹಚ್ಚೋ ಹೊತ್ತಿಗೆ ಹೊಟ್ಟೆ ಮೇಲೆ ಕೈಯಿಟ್ಟು, "ಒದೀತಾ ಇದೆ ಮಾರಾಯ, ಹಸಿವಾಗಿದೆ ಇದಕ್ಕೆ," ಅಂದ್ಲು. ಅಮ್ಮ ಗಂಜಿ ತಂದ್ಲು. ಮೊದಲ ತುತ್ತು ಇಳಿಯೋವರೆಗೆ ನಾನು ಉಸಿರು ಬಿಡಲಿಲ್ಲ.

ಅದಕ್ಕೇ ಹೇಳೋದು, ಏನೇ ಕಳಿಸೋದಿದ್ರೂ ಮೊದಲು ಮನೇಲಿ ಅಮ್ಮನ ಎದುರು ಗಟ್ಟಿಯಾಗಿ ಓದಿ. ಕೇಳಿ ಅವಳು ಊಟ ಬಿಡೋ ಹಂಗಿದ್ರೆ, ಕಳಿಸಬೇಡಿ. ಅಷ್ಟೇ. ಏಳಿ ಈಗ, ಮನೆಗೆ ನಡೀರಿ.