ಗೋಡೆ ಮೇಲಿಂದ ಕೊಟ್ಟ ವೈರು

ಬಾಗಿಲು ಮುಂದಕ್ಕೆ ಎಳ್ಕಳ್ರಿ, ಗಾಳಿ ಬರ್ತೈತೆ. ಲೈಟು ಇರ್ಲಿ ಬಿಡ್ರಿ... ಇದು ಲೈಟ್ ಆರಿಸಿ ಹೇಳಾ ಕತೆ ಅಲ್ಲ.

ನಮ್ಮ ದೊಡ್ಡಪ್ಪನ ಮಗ ಕೊಟ್ರೇಶ ಗೊತ್ತಲ್ಲ, ಜಗಳೂರು ಬಸ್ ಸ್ಟ್ಯಾಂಡ್ ಹತ್ರ ಟೈಲರ್ ಅಂಗಡಿ ಇಟ್ಕಂಡಿದಾನೆ. ಅವನಿಗೆ ಆಗಿದ್ದು ಇದು. ಮದುವೆ ಸೀಸನ್ನು, ಬ್ಲೌಸು ಹೊಲಿದು ಹೊಲಿದು ಕಣ್ಣು ಉರೀತಿತ್ತು. ಕೊನೇ ಬಸ್ಸು ಅವನನ್ನ ಕ್ರಾಸಿನಲ್ಲಿ ಇಳಿಸಿ ಹೋಯ್ತು. ಅಲ್ಲಿಂದ ಊರಿಗೆ ನಡ್ಕಂಡೇ ಬರಬೇಕು. ದಾರೀಲಿ ಆಲದಮರ, ಅದರ ಪಕ್ಕಕ್ಕೇ ಹಾಳುಬಾವಿ. ಹಗಲಲ್ಲೇ ಅಲ್ಲಿ ಯಾರೂ ನಿಲ್ಲಲ್ಲ.

ಮರದ ಹತ್ರ ಬಂದಾಗ ಕೇಳಿಸ್ತು... ಟುಕ್. ಆಮೇಲೆ, ಸರ್ರ್...

ನಿಂತ. ಬಾವಲಿ ಇರಬೇಕು ಅಂದ್ಕಂಡ. ಬಾವಲಿ ಹಂಗೆ ಸದ್ದು ಮಾಡಲ್ಲ. ಮತ್ತೆ ಕೇಳಿಸ್ತು. ಟುಕ್... ಸರ್ರ್... ದಪ್ಪ ಬಟ್ಟೆಗೆ ಸೂಜಿ ಚುಚ್ಚಿ, ದಾರ ಉದ್ದಕ್ಕೆ ಎಳೆಯಾ ಸದ್ದು. ಟೈಲರ್ ಕಿವಿ ಅದು, ತಪ್ಪಲ್ಲ. ಅದೂ ಬ್ಲೌಸಿನ ಸೂಜಿ ಅಲ್ಲ, ಕೌದಿ ಹೊಲಿಯಾ ದಬ್ಬಣದ ಸದ್ದು. ಊರಲ್ಲಿ ರಾತ್ರಿ ಹೊತ್ತು ಕೌದಿ ಹೊಲೀತಿದ್ದವಳು ಒಬ್ಬಳೇ. ಅವಳು ಸತ್ತು ಎರಡು ತಿಂಗಳಾಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ತಾಳ್ರಿ.

ಕೊಟ್ರೇಶನ ಪಕ್ಕದ ಮನೆ ಗಾದ್ರಮ್ಮ. ಗಂಡ ಇಲ್ಲ, ಮಕ್ಕಳಿಲ್ಲ. ಮನೆಗೆ ಹಕ್ಕುಪತ್ರ ಇಲ್ಲ, ಹಂಗಾಗಿ ಮೀಟರೂ ಇಲ್ಲ. ಜನರ ಹಳೇ ಸೀರೆ, ಪಂಚೆ ತಗಂಡು ಹೊದೆಯಾಕೆ ಕೌದಿ ಹೊಲಿದು ಕೊಡೋಳು. ಕೊಟ್ರೇಶನ ಅಂಗಡಿ ತುಂಡುಬಟ್ಟೆ ಎಲ್ಲ ಅವಳಿಗೇ. ಒಂದಿನ ಕೊಟ್ರೇಶನ ಹೆಂಡ್ತಿ ಕಲ್ಪನಾ ಅಂದ್ಲು, "ಪಾಪ, ಮೇಣದಬತ್ತಿ ಹಚ್ಕಂಡು ಹೊಲೀತಾಳೆ, ಒಂದು ವೈರು ಕೊಡಾಣ." ಇವನೇ ಏಣಿ ಹಾಕಿ, ಗೋಡೆ ಮೇಲಿಂದ ವೈರು ದಾಟಿಸಿ, ಮನೇಲಿ ತೆಗೆದಿಟ್ಟಿದ್ದ ಹಳೇ ಹಳದಿ ಬಲ್ಬು ಸಿಕ್ಕಿಸಿ ಬಂದ. ಕೈಯಾರೆ. ಇದನ್ನ ನೆನಪಲ್ಲಿ ಇಟ್ಕಳ್ರಿ.

ಅವನು ರಾತ್ರಿ ತಡವಾಗಿ ಬಂದಾಗೆಲ್ಲ ಅವಳ ಕಿಟಕೀಲಿ ಬೆಳಕು. ಇವನ ಹೆಜ್ಜೆ ಸದ್ದು ಕೇಳಿ ಒಳಗಿಂದಲೇ ಹೇಳೋಳು, "ಇದೊಂದು ಸಾಲು ಮುಗೀಲಪ್ಪ, ಆರಿಸ್ತೀನಿ." ಇವನು, "ಹೊಲಿ ಗಾದ್ರವ್ವ, ಯಾರು ಬ್ಯಾಡ ಅಂದ್ರು" ಅನ್ನಾನು. ಬಂಗಾರದಂಥ ಮಾತು. ಆಡಾಕೆ ಏನು ಖರ್ಚು?

ಆಮೇಲೆ ಕೊಟ್ರೇಶನ ಮನೆ ಮೀಟರ್ ನಿಂತೋಯ್ತು. ಪರದೆ ಖಾಲಿ, ಮಿಣುಕು ಲೈಟೂ ಇಲ್ಲ. ಮನೇಲಿ ಕರೆಂಟ್ ಐತೆ, ಲೆಕ್ಕ ಮಾತ್ರ ಇಲ್ಲ. ಬಿಲ್ ಕೊಡೋನು ಬಂದು, ಮೀಟರ್ ಓಡ್ತಿಲ್ಲ ಅಂತ ಹಿಂದಿನ ತಿಂಗಳುಗಳ ಆವರೇಜ್ ಹಾಕಿ ಹೋದ. ಬಿಲ್ ನೋಡಿ ಕೊಟ್ರೇಶ ಉರಿದುಬಿದ್ದ. ಕೆಟ್ಟಿರೋ ಮೀಟರಿಗೆ ನಾನ್ಯಾಕೆ ದುಡ್ಡು ಕಟ್ಟಲಿ ಅಂತ ಕರೆಂಟ್ ಆಫೀಸಿಗೆ ಹೋಗಿ ಜಗಳಕ್ಕೆ ನಿಂತ.

ಅಲ್ಲಿನ ಸಾಹೇಬರು ಸಮಾಧಾನದಿಂದ ಕೇಳಿದ್ರು. "ಆವರೇಜ್ ಸುಳ್ಳಲ್ಲಪ್ಪ. ಹಿಂದೆ ಅಷ್ಟು ಸುಟ್ಟಿದೀರಿ. ಮನೇಲಿ ಏನೇನೈತೆ ಹೇಳು."

ಏನೇನೈತೆ? ಅಂಗಡಿ ಕೆಲಸ ಮನೆಗೆ ತಂದು ಮಾಡ್ತಿದ್ದ. ಮೋಟಾರ್ ಮಿಷನ್ನು, ದೊಡ್ಡ ಇಸ್ತ್ರಿ ಪೆಟ್ಟಿಗೆ, ಎಲ್ಲ ಮನೆ ಮೀಟರಲ್ಲೇ. ಅದನ್ನ ಬಾಯಿಬಿಟ್ರೆ ದಂಡ. ಬಾಯಿ ಒಣಗ್ತು ಅವನಿಗೆ. ಬಾಯಿ ಒಣಗಿದಾಗ ಮನುಷ್ಯನಿಗೆ ಏನು ಬೇಕಾದ್ರೂ ಹೊರಗೆ ಬರ್ತೈತೆ ನೋಡ್ರಿ.

"ಸಾರ್, ಪಕ್ಕದ ಮನೆಯಮ್ಮ ನಮ್ಮ ಲೈನಿಗೆ ಕದ್ದು ವೈರು ಹಾಕ್ಕಂಡಿದಾಳೆ. ನಮಗೆ ಗೊತ್ತೇ ಇರಲಿಲ್ಲ."

ಅಷ್ಟೇ. ಒಂದು ಮಾತು.

ಮಾರನೇ ದಿನ ಲೈನ್‌ಮನ್ ಕೆಂಚೇಶ್ ಬಂದ. ಗೋಡೆ ಹತ್ತಿ ಕಟಿಂಗ್ ಪ್ಲೇಯರ್ ಹಿಡಿದ. ಕಟಕ್. "ಈ ವಯಸ್ಸಲ್ಲಿ ಕದ್ದು ಕರೆಂಟ್ ಹಿಡೀತೀಯಲ್ಲಮ್ಮ" ಅಂದ, ಬೀದಿ ಜನ ಕೇಳಂಗೆ. ಗಾದ್ರಮ್ಮ ಅವನ ಕಡೆ ನೋಡ್ಲೇ ಇಲ್ಲ. ಕೊಟ್ರೇಶನ ಕಡೆ ನೋಡಿದ್ಲು. ಇವನು ತನ್ನ ಬಾಗಿಲಲ್ಲಿ ನಿಂತು ಚಪ್ಪಲಿ ನೋಡ್ಕಂತಿದ್ದ. ಅವಳು ಒಂದು ಮಾತು ಆಡಲಿಲ್ಲ. ಇವರೇ ಕೊಟ್ರು ಅಂದಿದ್ರೆ ಮುಗೀತಿತ್ತು, ಅನ್ನಲಿಲ್ಲ. ಕೆಂಚೇಶ್ ವೈರು ಸುತ್ಕಂಡು, ಬಲ್ಬು ಬಿಚ್ಕಂಡು, ಎಲ್ಲ ಬೈಕಿಗೆ ಸಿಕ್ಕಿಸ್ಕಂಡು ಹೋದ.

ಕಲ್ಪನಾ ಕೇಳಿದ್ಲು, ಆಫೀಸಿನವರಿಗೆ ಯಾರು ಹೇಳಿದ್ರು ಅಂತ. "ಅವರೇ ನೋಡ್ಕಂಡು ಹೋಗಿದ್ರಂತೆ" ಅಂದ. ಬಿಲ್ ಕಮ್ಮಿ ಆಯ್ತು. ಹೊಸ ಮೀಟರೂ ಬಂತು. ಗೆದ್ದೆ ಅಂದ್ಕಂಡ.

ಊರಲ್ಲಿ ಗಾದ್ರಮ್ಮಗೆ ಹಳೇ ಸೀರೆ ಕೊಡಾಕೂ ಜನ ಹಿಂದೆಮುಂದೆ ನೋಡಾಕೆ ಶುರು ಮಾಡಿದ್ರು. ಸ್ವಲ್ಪ ದಿನಕ್ಕೆ ಕತ್ತಲಲ್ಲಿ ನೀರು ಕುಡಿಯಾಕೆ ಎದ್ದಾಕೆ ಹಾವು ತುಳಿದ್ಲು. ಒಂದು ಬಲ್ಬು ಇದ್ದಿದ್ರೆ ಕಾಣೋದು. ಅವಳ ತಮ್ಮನ ಮಗ ಬಂದು ಮಣ್ಣು ಮಾಡಿ, ಮನೆಗೆ ಬೀಗ ಜಡಿದು ಹೋದ.

ಈಗ ಮತ್ತೆ ಆಲದಮರಕ್ಕೆ ಬರ್ರಿ.

ಕೊಟ್ರೇಶ ಬಿರಬಿರ ನಡೆದ. ಸದ್ದು ಹಿಂದೆ ಬರಲಿಲ್ಲ... ಮುಂದೆ ಹೋಯ್ತು. ಅವನಿಗಿಂತ ಮೊದಲೇ ಬೀದಿ ತಿರುಗ್ತು. ಅವನೂ ಬೀದಿ ತಿರುಗಿ ನೋಡ್ತಾನೆ, ಗಾದ್ರಮ್ಮನ ಕಿಟಕೀಲಿ ಹಳದಿ ಬೆಳಕು.

ಬಾಗಿಲಿಗೆ ಬೀಗ ಹಂಗೇ ಐತೆ. ಗೋಡೆ ಮೇಲೆ ವೈರಿನ ತುಂಡೂ ಇಲ್ಲ. ಓಡಿ ತನ್ನ ಮನೆ ಒಳಗೆ ಹೋಗಬೇಕಿತ್ತು. ಕಾಲು ಕಿಟಕಿ ಕಡೆ ಹೋದ್ವು.

ಒಳಗೆ ಜಂತೆಯಿಂದ ಬಲ್ಬು ಇಳಿಬಿದ್ದಿತ್ತು. ಅದೇ ಬಲ್ಬು. ಅದರ ಕೆಳಗೆ ಗಾದ್ರಮ್ಮ, ಕಾಲು ಚಾಚ್ಕಂಡು, ತೊಡೆ ಮೇಲೆ ಕೌದಿ ಹರಡ್ಕಂಡು. ಟುಕ್... ಸರ್ರ್... ತಲೆ ಎತ್ತಲಿಲ್ಲ.

"ಇದೊಂದು ಸಾಲು ಮುಗೀಲಪ್ಪ..." ಪಿಸುಮಾತು. "ಆರಿಸ್ತೀನಿ."

ಕೊಟ್ರೇಶ ಕಿಟಕಿ ಸರಳು ಹಿಡ್ಕಂಡ.

ಅವಳು ಸೂಜಿ ನಿಲ್ಲಿಸಿದ್ಲು. ಸೂಜಿ ಮೊನೆಯಿಂದ ಮೇಲೆ ಬಲ್ಬು ತೋರಿಸಿದ್ಲು.

"ಇದು... ಕದ್ದಿದ್ದಾ, ಕೊಟ್ಟಿದ್ದಾ?"

ಸಿಟ್ಟಿಂದ ಕೇಳಿದ್ರೆ ಹೆಂಗೋ ತಡ್ಕಂತಿದ್ದೆ ಅಂತಾನೆ ಈಗಲೂ. ಸಿಟ್ಟೇ ಇರಲಿಲ್ಲವಂತೆ. ಗೊತ್ತಿಲ್ಲದೆ ಕೇಳ್ದಂಗೆ ಕೇಳಿದ್ಲಂತೆ. "ಕೊಟ್ಟಿದ್ದು" ಅನ್ನಾಕೆ ಬಾಯಿ ತೆರೆದ. ಆಗಲಿಲ್ಲ. ಸತ್ತೋಳ ಮುಂದೆ, ಯಾರೂ ಇಲ್ಲದ ಬೀದೀಲಿ, ಕತ್ತಲಲ್ಲಿ ಕೂಡ ಆ ಒಂದು ಮಾತು ಅವನ ಕೈಲಿ ಆಡಾಕೆ ಆಗಲಿಲ್ಲ. ಅವಳು ಮತ್ತೆ ತಲೆ ಬಗ್ಗಿಸಿ ಹೊಲಿಯಾಕೆ ಶುರು ಮಾಡಿದ್ಲು.

ಮನೆಗೆ ಬಂದು ಹಾಸಿಗೆ ಮೇಲೆ ಕುಸಿದ. ಹೊದ್ಕಳ್ಳಾಕೆ ಎಳ್ಕಂಡಿದ್ದು ಅವಳೇ ಹೊಲಿದ ಕೌದಿ. ಮುಟ್ಟಿದ ಕೈ ಹಿಂದಕ್ಕೆ ಬಂತು.

"ಯಾರ ಜೊತೆ ನಿಂತಿದ್ರಿ?" ಕಲ್ಪನಾ ಕತ್ತಲಲ್ಲೇ ಕೇಳಿದ್ಲು.

ಎಲ್ಲ ಹೇಳಿದ. ಆಫೀಸಲ್ಲಿ ಆಡಿದ ಮಾತೂ ಹೇಳಿದ.

"ನನಗೆ ಹೇಳಿದ್ರೆ ಏನ್ ಬಂತು?" ಅಂದ್ಲು. "ಅವಳನ್ನ ಕಳ್ಳಿ ಅಂದಿದ್ದು ಊರು." ಆ ಕಡೆ ತಿರುಗಿ ಮಲಗಿದ್ಲು.

ಮಾರನೇ ಸಂಜೆ ಕಟ್ಟೆ ಮೇಲೆ ನಾವೆಲ್ಲ ಕೂತಿದ್ವಿ. ಲೈನ್‌ಮನ್ ಕೆಂಚೇಶನೂ ಇದ್ದ, ಕೊಟ್ರೇಶನೇ ಫೋನ್ ಮಾಡಿ ಕರೆಸಿದ್ದ. ಕೊಟ್ರೇಶ ನಿಂತ್ಕಂಡ, ಕೂರಲಿಲ್ಲ. "ಗಾದ್ರವ್ವ ಕದೀಲಿಲ್ಲ" ಅಂದ. "ನಾನೇ ಏಣಿ ಹಾಕಿ ಕೊಟ್ಟೆ. ಬಿಲ್ ಉಳಿಸ್ಕಳ್ಳಾಕೆ ಸುಳ್ಳು ಹೇಳ್ದೆ." ಮೋಟಾರ್ ಮಿಷನ್ನಿಂದೂ ಹೇಳ್ದ, ಇಸ್ತ್ರಿ ಪೆಟ್ಟಿಗೇದೂ ಹೇಳ್ದ. ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ದೊಡ್ಡಣ್ಣ ಅಂತ ನಮ್ಮ ಹಿರೇರು, ಟವೆಲ್ ಕೊಡವಿ ಹೆಗಲಿಗೆ ಹಾಕ್ಕಂಡು ಎದ್ದು ಹೋದ್ರು. ಹಿಂದೆಯೇ ಒಬ್ಬೊಬ್ರು ಎದ್ವಿ. ನಾನೂ ಎದ್ದೆ, ಸುಳ್ಳು ಯಾಕೆ ಹೇಳ್ಲಿ. ಅವನು ಒಬ್ಬನೇ ನಿಂತಿದ್ದ, ಮತ್ತೆ ಚಪ್ಪಲಿ ನೋಡ್ಕಂತ.

ಆ ರಾತ್ರಿ ಅವನು ಮಲಗಲಿಲ್ಲ. ಆ ಕಿಟಕೀಲಿ ಬೆಳಕು ಬರಲಿಲ್ಲ. ಸದ್ದೂ ಇಲ್ಲ. ಬೆಳಗಿನ ಜಾವ, ಕೋಳಿ ಕೂಗೋ ಮೊದಲು, ಕಲ್ಪನಾ ಬಾಗಿಲಿಗೆ ನೀರು ಹಾಕಾಕೆ ಹೋದಾಕೆ ಹಂಗೇ ನಿಂತ್ಲು. ನಮ್ಮ ಮನೆ ಎದುರಿಗೇ ಅಲ್ವಾ, ನನ್ನನ್ನ ಕೂಗಿದ್ಲು. ಕೂಗಿದ್ದೂ ಪಿಸುಮಾತಲ್ಲೇ.

ಗೋಡೆ ಮೇಲೆ, ಇವರ ಮನೆ ಕಡೆಗೆ, ವೈರು ಸುತ್ತಿ ಇಟ್ಟಿತ್ತು. ದಾರದ ಉಂಡೆ ಸುತ್ತಿದಂಗೆ, ನೀಟಾಗಿ. ಕೆಂಚೇಶ್ ಕತ್ತರಿಸಿದ್ದ ಜಾಗಕ್ಕೆ ಕೆಂಪು ತುಂಡುಬಟ್ಟೆ ಸುತ್ತಿ, ಕೌದಿ ಹೊಲಿಗೆ ಹಾಕಿತ್ತು. ಸಣ್ಣ ಸಣ್ಣ ಹೊಲಿಗೆ. ವೈರಿನ ಉಂಡೆ ನಡುವೆ ಬಲ್ಬು.

ಕಲ್ಪನಾ ಅತ್ಕಂತ ಅಂದ್ಲು, "ಇಸ್ಕಂಡಿದ್ದು ವಾಪಸ್ ಕೊಟ್ಟು ಹೋದ್ಲು."

ಕೊಟ್ರೇಶ ಮುಟ್ಟಾಕೆ ಹೋಗಲಿಲ್ಲ. ಬೆಳಕಾದ ಮೇಲೆ ಕೆಂಚೇಶ್‌ಗೆ ಫೋನ್ ಹಚ್ಚಿದ್ವಿ. ಆ ವೈರು, ಬಲ್ಬು ಎರಡೂ ಆಫೀಸಿನ ಸ್ಟೋರಲ್ಲಿ ಹಾಕಿ ಬೀಗ ಹಾಕಿದೀನಿ ಅಂದ. ಹೋಗಿ ನೋಡು ಅಂದ್ವಿ. ಹೋಗಿ ನೋಡಿರಬೇಕು, ಆಮೇಲೆ ನಮ್ಮ ಫೋನೇ ಎತ್ತಲಿಲ್ಲ.

ನಂಬಿದ್ರೆ ನಂಬ್ರಿ, ಬಿಟ್ರೆ ಬಿಡ್ರಿ. ಗೋಡೆ ಮೇಲಿಂದ ಬಲ್ಬು ತೆಗೆದು ಒಳಗಿಟ್ಟೋನು ನಾನು. ಇನ್ನೂ ಬೆಳಕು ಹರಿದಿರಲಿಲ್ಲ, ಇಬ್ಬನಿ ಬಿದ್ದು ಗೋಡೆ ಎಲ್ಲ ತಣ್ಣಗೆ ಒದ್ದೆಯಾಗಿತ್ತು. ಬಲ್ಬು ಮಾತ್ರ ಬಿಸಿ ಇತ್ತು... ಆಗತಾನೇ ಆರಿಸಿದಂಗೆ.