ಕೆಳಗಿಂದ ಬಡಿದವರು ಯಾರು?

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ‘ಓಹೋ, ಅವನಾ’ ಅಂತ ಆರಾಮಾಗಿ ಕಂಬಕ್ಕೆ ಒರಗಿಬಿಡುತ್ತೀರಿ. ಒರಗಬೇಡಿ, ನೆಟ್ಟಗೆ ಕೂತು ಕೇಳಿ.

ಊರ ಹಿಂದೆ ಗುಡ್ಡ. ಗುಡ್ಡದ ಮೇಲೆ ಸಾಲಾಗಿ ಕರೆಂಟು ಮಾಡುವ ಗಾಳಿ ಫ್ಯಾನುಗಳು. ಅವುಗಳ ಬುಡದ ಹುಲ್ಲು ಕೊಯ್ಯಲು ದಿನಾ ಐದು ಜನ ಹೆಣ್ಣಾಳುಗಳು ಹೋಗಬೇಕು. ಅವರನ್ನು ಹತ್ತಿಸಿ ಇಳಿಸುವ ಗುತ್ತಿಗೆ ಈ ಸಾಹುಕಾರನದು. ಅದಕ್ಕೆಂದೇ ಒಂದು ಪಿಕಪ್ ಕೊಂಡ. ಕೊಂಡ ದಿನದಿಂದ ಅಮಾವಾಸ್ಯೆಗೊಂದು ಕಾಯಿ ಒಡೆದು, ಅದರ ನೀರನ್ನು ಒಳಗಿನ ಸ್ವಿಚ್ಚುಗಳ ಮೇಲೆಲ್ಲಾ ಚಿಮುಕಿಸುತ್ತಿದ್ದ. ಏರು ಬಂದಾಗ ಡ್ರೈವರನ ಪಕ್ಕದ ದುಂಡನೆಯ ಸ್ವಿಚ್ಚು ತಿರುಗಿಸಿದರೆ ಸಾಕು, ಮುಂದಿನ ಎರಡು ಗಾಲಿಗಳೂ ಎಳೆಯಲು ಶುರುಮಾಡುತ್ತವೆ. ನೋಡಿ, ಎಳೆಯುವುದು ಸ್ವಿಚ್ಚಲ್ಲ. ಸ್ವಿಚ್ಚು ಬರೀ ಹೇಳುತ್ತದೆ. ಆ ಮಾತು ತಂತಿ ಹಿಡಿದು ಹೋಗಿ ಗಾಡಿಯ ಹೊಟ್ಟೆಯೊಳಗಿನ ಸಣ್ಣ ಮೋಟರಿಗೆ ಮುಟ್ಟಬೇಕು. ಮುಟ್ಟಿದರೆ ಹಸಿರು ದೀಪ ನಿಂತು ಉರಿಯುತ್ತದೆ, ಮುಟ್ಟದಿದ್ದರೆ ಮಿನುಗುತ್ತದೆ. ಇಷ್ಟು ತಿಳಿದಿರಲಿ.

ಆ ದಾರಿಯಲ್ಲಿ ಒಂದು ಕಡಿದಾದ ಏರು. ಅದಕ್ಕೆ ಗಾಳೆವ್ವನ ಏರು ಅಂತ ಹೆಸರು. ಏರಿನ ಒಂದು ಮಗ್ಗುಲಿಗೆ ಪಾಳುಬಿದ್ದ ಕಲ್ಲುಗಣಿ. ಬಹಳ ಹಿಂದೆ ಗಾಳೆವ್ವ ಅನ್ನುವ ಕಲ್ಲು ಒಡೆಯುವ ಹೆಂಗಸು ಅಲ್ಲಿ ಬಂಡೆ ಕುಸಿದು ಒಳಗೇ ಉಳಿದಳು. ಕೆಳಗಿಂದ ಬಡಿಯುವ ಸಪ್ಪಳ ಎರಡು ದಿನ ಕೇಳಿತ್ತಂತೆ. ಈಗಲೂ ಅವಳು ಬಡಿಯುತ್ತಾಳೆ ಅಂತ ಜನ ಆ ಜಾಗದಲ್ಲಿ ಮಾತು ನಿಲ್ಲಿಸಿ ನಡೆಯುತ್ತಾರೆ.

ಒಂದು ಮುಂಜಾನೆ ಅದೇ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಡ್ರೈವರು ಹೇಗೋ ತಡೆದ. ಕೀಲಿ ಕೈ ತೆಗೆದು ಕೆಳಗಿಳಿದರೆ, ಎಂಜಿನ್ನು ಬಂದಾಗಿದೆ, ಗಾಳಿಯೂ ಇಲ್ಲ. ಗಾಡಿಯ ಅಡಿಯಿಂದ ಸಪ್ಪಳ. ಕಟ್... ಕಟ್... ಕಟ್.

“ಅಯ್ಯೋ ಶಿವನ, ಗಾಳೆವ್ವ ಬಡಿಯಾಕತ್ತಾಳ!” ಅಂತ ಹೆಣ್ಣಾಳುಗಳು ಚೀರಿ ಓಡಿದರು.

ಸಾಹುಕಾರ ಏನು ಮಾಡಿದ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಪೂಜೆ ಮಾಡಿಸಿದ. ಬಂಪರಿಗೆ ತೆಂಗಿನಕಾಯಿ ಒಡೆದ. ಕಾಯಿಯ ನೀರು, ಅರಿಸಿನ ನೀರು ಎಲ್ಲಾ ತಂದು ಆ ದುಂಡು ಸ್ವಿಚ್ಚಿನ ಮೇಲೇ ಸುರಿದ. ಕುಂಕುಮ ಹಚ್ಚಿದ, ಕೆಂಪು ದಾರ ಸುತ್ತಿದ. ಒಂದು ವಾರ ಸಪ್ಪಳವಿಲ್ಲ. ಮತ್ತೆ ಬಂತು. ಮತ್ತೆ ಪೂಜೆ. ಅಮಾವಾಸ್ಯೆಗೊಂದು ಕಾಯಿ ಹೋಗಿ ಮಂಗಳವಾರಕ್ಕೊಂದು ಕಾಯಿ ಆಯಿತು.

ಡ್ರೈವರು ಬಡವ, ಆದರೆ ಕಣ್ಣಿದ್ದವ. “ಸಾವ್ಕಾರ್ರ, ಹಸುರು ದೀಪ ನಿಲ್ಲವಲ್ದು ನೋಡ್ರಿ. ಮಿಣಕ್ ಮಿಣಕ್ ಅನ್ನಾಕತ್ತೇತಿ. ನನಗ ಜೀವದ ಅಂಜಿಕಿ ಆಗೇತಿ,” ಅಂದ. ಹೇಳಿ ಹೇಳಿ ಸಾಕಾಗಿ ಗಾಡಿ ರಿಪೇರಿಯ ಒಬ್ಬ ಮುದುಕ ಮೇಸ್ತ್ರಿಯನ್ನು ತಾನೇ ಕರೆತಂದ.

ಮೇಸ್ತ್ರಿ ಮೊದಲು ಫ್ಯೂಸು ನೋಡಿದ. ಸರಿಯಿತ್ತು. ಬ್ಯಾಟರಿ ನೋಡಿದ, ಅದೂ ಸರಿ. ಗಾಡಿಯ ಅಡಿಗೆ ತೂರಿ ಮೋಟರಿನ ತಂತಿ ಬಿಚ್ಚಿ, ನೇರವಾಗಿ ಕರೆಂಟು ಕೊಟ್ಟ. ಮೋಟರು ಝುಂಯ್ ಅಂತ ತಿರುಗಿತು. ಎದ್ದು ಮೈ ಕೊಡವಿಕೊಂಡು ಹೇಳಿದ: “ಬಡಿಯಾಕಿ ಗಾಳೆವ್ವ ಅಲ್ರೀ. ಈ ಮೋಟರ. ಅದಕ್ಕ ಅರ್ಧಮರ್ಧ ಮಾತು ಮುಟ್ಟಾಕತ್ತೇತಿ. ಅದಕ್ಕ ಒದ್ಯಾಡಾಕತ್ತೇತಿ, ಗಾಡಿ ಬಂದ್ ಮಾಡಿದ್ರೂ ಬಿಡವಲ್ದು. ಸ್ವಿಚ್ ಒಂದು ಬಿಚ್ಚಿ ನೋಡಬೇಕ್ರೀ.”

ಸಾಹುಕಾರನ ಕಣ್ಣು ಕೆಂಪಾಯಿತು. “ಪೂಜಿ ಮಾಡಿದ್ದನ್ನ ಬಿಚ್ಚತೀ ಏನಲೇ? ಕೈ ತಗಿ!”

ಕೈ ತೆಗೆದ ಪಾಪ. ಇನ್ನೊಂದೇ ಹೆಜ್ಜೆ ಇತ್ತು, ಆ ಒಂದು ಹೆಜ್ಜೆಗೆ ಕುಂಕುಮ ಅಡ್ಡ ಬಂತು. ಮರುದಿನ ಸಾಹುಕಾರ ಒಂದು ಮಠದಿಂದ ದೇವಿಯ ಪಟ ತಂದು ಮಿನುಗುವ ದೀಪದ ಮೇಲೇ ಅಂಟಿಸಿದ.

“ದೀಪ ಕಾಣವಲ್ದಲ್ರೀ,” ಅಂದ ಡ್ರೈವರು.

“ದೇವಿ ಕಾಣತಾಳಲ್ಲ? ಸಾಕು.”

ಆಷಾಢ ಬಂತು. ಒಂದು ಮುಂಜಾನೆ ಒಂಬತ್ತಾದರೂ ಮಂಜು ಸರಿದಿರಲಿಲ್ಲ. ಮೇಲೆ ಫ್ಯಾನುಗಳು ಕಾಣುತ್ತಿಲ್ಲ, ಅವುಗಳ ಉಸಿರು ಮಾತ್ರ ಕೇಳುತ್ತಿದೆ. ಏರಿನ ನಡುವೆ ಡ್ರೈವರು ಸ್ವಿಚ್ಚು ತಿರುಗಿಸಿದ. ಗಾಡಿ ಹಿಡಿಯಿತೋ ಇಲ್ಲವೋ ಹೇಳುವ ದೀಪ ಪಟದ ಹಿಂದಿದೆ. ಹಿಡಿದಿರಲಿಲ್ಲ. ಗಾಡಿ ಹಸಿ ಮಣ್ಣಿನಲ್ಲಿ ಗಣಿಯ ಕಡೆ ಜಾರಿತು. “ಜಿಗೀರಿ ಯವ್ವಾ, ಜಿಗೀರಿ!” ಅಂತ ಕೂಗುತ್ತಾ ಬ್ರೇಕಿನ ಮೇಲಿನ ಕಾಲು ಆತ ತೆಗೆಯಲಿಲ್ಲ. ಐದೂ ಜನ ಜಿಗಿದರು. ಆಮೇಲೆ ಗಾಡಿ ಮಂಜಿನೊಳಗೆ ಹೋಯಿತು.

ಊರಿಗೆ ಊರೇ ಓಡಿಬಂತು. ಗಣಿಯ ಅಂಚಿನಲ್ಲಿ ನಿಂತರು. ತಳ ಕಾಣುವುದಿಲ್ಲ. ಆಗ ಕೇಳಿತು.

ಕಟ್... ಕಟ್... ಕಟ್.

ಒಬ್ಬ ಹೆಣ್ಣಾಳು ಅಂದಳು, “ಡ್ರೈವರ್ ಅಣ್ಣ ಇರಬೇಕ್ರೀ! ಯಾರಾರ ಇಳೀರಿ!”

“ಇಷ್ಟು ಎತ್ತರದಿಂದ ಬಿದ್ದಾವ ಬದಕತಾನೇನು? ಆಕೀನ ಅದು. ಯಾರೂ ಇಳೀಬ್ಯಾಡ್ರಿ,” ಅಂದ ಸಾಹುಕಾರ. ಕಾಯಿ ತರಲು ಓಡಿದ. ತಂದ, ಒಡೆದ, ನೀರನ್ನು ಗಣಿಯೊಳಗೆ ಸುರಿದ. ಅಷ್ಟು ಹೊತ್ತಿಗೆ ಬಡಿತ ನಿಂತಿತ್ತು.

“ನೋಡಿದ್ರಿಲ್ಲೋ,” ಅಂದ ಕೈ ಮುಗಿದು, “ಶಾಂತ ಆದ್ಲು.”

ಮಂಜು ಸರಿದ ಮೇಲೆ ಇಳಿದರು. ಡ್ರೈವರು ಸೀಟಿನಲ್ಲೇ ಇದ್ದ. ಬಲಗೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು. ಬಾಗಿಲ ತಗಡು ಒಳಗಿಂದ ಬಡಿದು ಬಡಿದು ತಗ್ಗು ಬಿದ್ದಿತ್ತು.

ಬಡಿದವರು ಯಾರು, ಈಗ ಹೇಳಿ.

ಮೇಸ್ತ್ರಿ ಅಂದು ಆ ಸ್ವಿಚ್ಚು ಬಿಚ್ಚಿದ. ಯಾರೂ ತಡೆಯಲಿಲ್ಲ. ಒಳಗೆ ಕಾಯಿನೀರು, ಅರಿಸಿನ, ಕುಂಕುಮ ಎಲ್ಲಾ ಮೆತ್ತಿಕೊಂಡು, ತಾಮ್ರ ಹಸಿರು ಹಿಡಿದು, ತಂತಿಗೆ ಇರುವೆ ಮುತ್ತಿದ್ದವು. ಗಾಡಿ ಕೆಡದಿರಲಿ ಅಂತ ಮಾಡಿದ್ದೇ ಗಾಡಿಯನ್ನು ಕೆಡಿಸಿತ್ತು. ಗಾಳೆವ್ವ ದೆವ್ವ ಆದಳೋ ಇಲ್ಲವೋ ನನಗೆ ಗೊತ್ತಿಲ್ಲ. ಎರಡು ದಿನ ಅವಳೂ ಬಡಿದಿದ್ದು ಖರೆ, ಯಾರೂ ಇಳಿಯದೆ ಇದ್ದದ್ದೂ ಖರೆ.

ನಗಬೇಡಿ ಸಾಹುಕಾರನ ಮೇಲೆ. ಹೆಂಡತಿ ಮೂರು ತಿಂಗಳಿಂದ ‘ಎದಿ ಹಿಡಕೊಂತೈತಿ’ ಅಂದರೆ ವಿಭೂತಿ ಹಚ್ಚಿ ಮಲಗಿಸಿದವರು ಇಲ್ಲಿ ಎಷ್ಟು ಜನ? ಮಗಳು ‘ಆ ಮನಿಗೆ ಹೊಳ್ಳಿ ಹೋಗಂಗಿಲ್ಲ’ ಅಂದರೆ ಯಾಕೆ ಅಂತ ಕೇಳದೆ ತೋಳಿಗೆ ತಾಯತ ಕಟ್ಟಿ ಬಸ್ಸು ಹತ್ತಿಸಿದವರು ಎಷ್ಟು ಜನ? ಅವರೂ ಬಡಿಯುತ್ತಿದ್ದಾರಪ್ಪ. ನಾವು ಕಾಯಿ ಒಡೆಯುತ್ತಿದ್ದೇವೆ. ಅವರು ಸುಮ್ಮನಾದ ದಿನ, ದೇವರು ಕಣ್ಣು ಬಿಟ್ಟ ಅನ್ನುತ್ತೇವೆ.

ಇನ್ನು ಆ ಪಟ. ಯಾವ ಮಠದ್ದು ಅಂತ ಕೇಳಲಿಲ್ಲ ನೀವು. ಈ ಮಠದ್ದು. ನಾನೇ ಕೈಯಾರೆ ಕೊಟ್ಟೆ, ಎಲ್ಲಿ ಅಂಟಿಸುತ್ತೀ ಅಂತ ಕೇಳಲಿಲ್ಲ. ಆದ್ದರಿಂದ ಇವತ್ತು ಬಾಗಿಲಲ್ಲಿ ಪಟ ಹಂಚುವುದಿಲ್ಲ. ಪೂಜೆ ಬಿಡಿ ಅನ್ನುತ್ತಿಲ್ಲ. ಮೊದಲು ಬಿಚ್ಚಿ ನೋಡಿ, ಸರಿ ಮಾಡಿ, ಆಮೇಲೆ ಕುಂಕುಮ ಹಚ್ಚಿ. ಇವತ್ತು ಮನೆಗೆ ಹೋದವರು ದೇವರ ಕೋಣೆಗೆ ಹೋಗಬೇಡಿ. ಒಂದೇ ಮಾತನ್ನು ಬಹಳ ದಿನದಿಂದ ಹೇಳುತ್ತಿರುವವರು ಮನೆಯಲ್ಲಿ ಒಬ್ಬರಾದರೂ ಇದ್ದಾರೆ. ಅವರ ಪಕ್ಕ ಕೂತು, ಏನಾಗೇತಿ ಅಂತ ಕೇಳಿ. ಅವರು ಹೇಳಿ ಮುಗಿಸುವವರೆಗೆ ಏಳಬೇಡಿ.